ಮೇ ತಿಂಗಳ ಕರಾವಳಿಯಲ್ಲಿ ಹಕ್ಕಿ, ಮೋಡ ಮತ್ತು ಕ್ಯಾಮೆರಾಕ್ಕೆ ಅಂಟುವ ಉಪ್ಪು

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಾಲ್ಕು ವರ್ಷಗಳಿಂದ ಕೊಕ್ಕರೆಬೆಳ್ಳೂರು ಮತ್ತು ರಂಗನತಿಟ್ಟಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೇನೆ. ಈ ಬೇಸಿಗೆ ರಜೆಯಲ್ಲಿ ಏಪ್ರಿಲ್ ಕೊನೆಯಿಂದ ಒಂದು ತಿಂಗಳು ಹೊನ್ನಾವರದ ತಂಗಿಯ ಮನೆಯಲ್ಲಿದ್ದು ಕಡಲತೀರದ ಜೀವಿಗಳನ್ನೂ ಮಳೆಗಾಲಕ್ಕೆ ತಿರುಗುವ ಆಕಾಶವನ್ನೂ ಚಿತ್ರಿಸಬೇಕೆಂದು ಆಸೆ. ಸೊಸೈಟಿಯಲ್ಲಿ ಸಾಲ ಮಾಡಿ 150–600 ಎಂ.ಎಂ. ಲೆನ್ಸ್ ಕೊಂಡಿದ್ದೇನೆ. ಆದರೆ ಮೇ ತಿಂಗಳಲ್ಲಿ ಅಲ್ಲಿ ಹಕ್ಕಿಗಳೇ ಇರುವುದಿಲ್ಲ, ಉಪ್ಪುಗಾಳಿಗೆ ಲೆನ್ಸ್ ಒಂದೇ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಇನ್ನೊಬ್ಬರು, ಕ್ಯಾಮೆರಾ ‘ವೆದರ್ ಸೀಲ್ಡ್’ ಆಗಿರುವುದರಿಂದ ಮಳೆಗೂ ಭಯವಿಲ್ಲ, ರಾತ್ರಿ ಅಕ್ಕಿ ಡಬ್ಬಿಯಲ್ಲಿಟ್ಟರೆ ಸಾಕು ಎನ್ನುತ್ತಾರೆ. ಕಳೆದ ವರ್ಷ ಮಲ್ಪೆಯಲ್ಲಿ ತೆಗೆದ ಚಿತ್ರಗಳೆಲ್ಲ ಮಬ್ಬಾಗಿದ್ದವು. ರಿಪೇರಿಯವರು ಲೆನ್ಸಿನದೇ ದೋಷ ಎಂದರು. ನಾನು ಹೋಗಬಹುದೇ? ಹೋದರೆ ಯಾವುದಕ್ಕೆ ಹೆದರಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಹೋದರೆ ಚಿತ್ರಗಳು ಸಿಗುತ್ತವೆಯೇ ಎಂಬುದು ಒಂದು. ಸಾಲ ತೀರುವ ಮೊದಲೇ ಲೆನ್ಸ್ ಹಾಳಾದರೆ ಏನು ಗತಿ ಎಂಬುದು ಇನ್ನೊಂದು. ಮೈಸೂರಿನಲ್ಲಿದ್ದುಕೊಂಡು ಇಪ್ಪತ್ತಕ್ಕೂ ಹೆಚ್ಚು ಬೇಸಿಗೆಗಳಲ್ಲಿ ಘಟ್ಟ ಇಳಿದು ಹೋಗಿ ಬಂದ ಅನುಭವದಿಂದ ಹೇಳುವುದಾದರೆ, ನೀವು ಖಂಡಿತ ಹೋಗಬಹುದು. ಆದರೆ ಕ್ಯಾಮೆರಾ ಹಾಳಾಗುವುದು ಕಡಲತೀರದಲ್ಲಿ ಅಲ್ಲ. ಅಲ್ಲಿಂದ ಕೋಣೆಗೆ ಮರಳಿದ ಮೊದಲ ಅರ್ಧ ಗಂಟೆಯಲ್ಲಿ ಮತ್ತು ಊರಿಗೆ ಬಂದ ಮೇಲಿನ ಎರಡು ತಿಂಗಳಲ್ಲಿ ಅದು ಹಾಳಾಗುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಹಕ್ಕಿಗಳ ವಿಷಯ. ಮೇ ತಿಂಗಳಲ್ಲಿ ಕರಾವಳಿ ಬರಿದು ಎಂಬುದು ಅರ್ಧ ನಿಜ. ಚಳಿಗಾಲದಲ್ಲಿ ಉತ್ತರ ಏಷ್ಯಾದಿಂದ ಬರುವ ಗಲ್‌ಗಳು ಮತ್ತು ನೀರಂಚಿನಲ್ಲಿ ಮೇಯುವ ಗೊರವಗಳಲ್ಲಿ ಹೆಚ್ಚಿನವು ಏಪ್ರಿಲ್ ಮಧ್ಯದೊಳಗೆ ಹಿಂದಿರುಗಿರುತ್ತವೆ. ಡಿಸೆಂಬರ್‌ನಲ್ಲಿ ಮೀನುಗಾರಿಕಾ ಬಂದರಿನ ಮೇಲೆ ಕವಿದಿರುತ್ತಿದ್ದ ಹಿಂಡುಗಳನ್ನು ಅರಸಿಕೊಂಡು ಹೋದರೆ ನಿರಾಸೆಯಾಗುತ್ತದೆ. ಆದರೆ ಏಪ್ರಿಲ್ ಕೊನೆಯ ವಾರದಲ್ಲಿ ಇನ್ನೂ ಉಳಿದಿರುವ ಸಣ್ಣ ಮರಳು ಗೊರವಗಳನ್ನು ಗಮನಿಸಿ ನೋಡಿ. ಚಳಿಗಾಲವಿಡೀ ಮಾಸಲು ಬೂದು ಬಣ್ಣದಲ್ಲಿದ್ದ ಅವುಗಳ ಎದೆಯ ಮೇಲೆ ಈಗ ಇಟ್ಟಿಗೆ ಕೆಂಪು ಏರಿರುತ್ತದೆ. ಅದು ಸಂತಾನ ಕಾಲದ ಬಣ್ಣ. ಅವು ಗೂಡು ಕಟ್ಟುವುದು ಸಾವಿರಾರು ಕಿಲೋಮೀಟರ್ ದೂರದಲ್ಲಾದ್ದರಿಂದ, ಆ ಬಣ್ಣವನ್ನು ನಮ್ಮ ತೀರದಲ್ಲಿ ನೋಡಲು ಸಿಗುವುದು ಹೊರಡುವ ಮುಂಚಿನ ಕೆಲವೇ ದಿನ. ಇನ್ನೂ ಪ್ರಾಯಕ್ಕೆ ಬಾರದ ಕೆಲವು ಹಕ್ಕಿಗಳು ಹೊರಡದೆ ಬೇಸಿಗೆಯನ್ನೂ ಇಲ್ಲೇ ಕಳೆಯುತ್ತವೆ.

ಊರು ಬಿಡದ ಜೀವಿಗಳಂತೂ ಇದ್ದೇ ಇವೆ. ಗರುಡ, ಬಿಳಿ ಹೊಟ್ಟೆಯ ಕಡಲ ಹದ್ದು, ಬಂಡೆಗಳ ಅಂಚಿನಲ್ಲಿ ಮೀನಿಗೆ ಕಾಯುವ ಬೂದುಗಪ್ಪು ಬಣ್ಣದ ರೀಫ್ ಹೆರಾನ್, ಹಿನ್ನೀರಿನ ಮರಗಳಲ್ಲಿ ಹೆಮ್ಮಿಂಚುಳ್ಳಿ. ನೀವು ಇಳಿದುಕೊಳ್ಳುವ ಹೊನ್ನಾವರದಲ್ಲೇ ಶರಾವತಿ ಕಡಲು ಸೇರುವ ಜಾಗದಲ್ಲಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿದೆ. ಅದರ ನಡುವೆ ನಡೆಯಲು ಹಲಗೆ ದಾರಿಯೂ ಇದೆ. ನೀರು ಇಳಿದಾಗ ಅಲ್ಲಿನ ಕೆಸರಿನಲ್ಲಿ ಒಂದೇ ದೊಡ್ಡ ಕೊಂಬನ್ನು ಎತ್ತಿ ಬೀಸುವ ಗಂಡು ಏಡಿಗಳೂ, ರೆಕ್ಕೆಗಳನ್ನು ಊರಿ ಕುಪ್ಪಳಿಸುವ ಕೆಸರು ಮೀನುಗಳೂ ಹೊರಬರುತ್ತವೆ. ಪಕ್ಕದ ಕುಮಟಾದಲ್ಲಿ ಅಘನಾಶಿನಿಯ ಅಳಿವೆಯಿದೆ. ನಮ್ಮ ರಂಗನತಿಟ್ಟಿಗೆ 2022ರಲ್ಲಿ ಸಿಕ್ಕ, ಜೌಗು ಪ್ರದೇಶಗಳಿಗೆ ಕೊಡುವ ಅಂತಾರಾಷ್ಟ್ರೀಯ ರಾಮ್ಸರ್ ಮಾನ್ಯತೆ ಅದಕ್ಕೆ 2024ರಲ್ಲಿ ಸಿಕ್ಕಿತು. ನನ್ನ ಮಟ್ಟಿಗೆ ಮೇ ತಿಂಗಳಿನ ನಿಜವಾದ ಸಂಪತ್ತು ಈ ಕೆಸರು. ಹಕ್ಕಿಯ ಬೆನ್ನು ಹತ್ತಿ ಮರಳಿನಲ್ಲಿ ಮೈಲುಗಟ್ಟಲೆ ನಡೆಯುವುದಕ್ಕಿಂತ ಒಂದೇ ಕಡೆ ಮುಕ್ಕಾಲು ಗಂಟೆ ಅಲ್ಲಾಡದೆ ಕುಳಿತರೆ ಏಡಿಗಳು ನಿಮ್ಮನ್ನು ಮರೆತು ತಮ್ಮ ಕೆಲಸಕ್ಕೆ ತೊಡಗುತ್ತವೆ.

ಹಾಗೆ ಕುಳಿತುಕೊಳ್ಳುವ ಹೊತ್ತನ್ನು ಗಡಿಯಾರ ನೋಡಿ ನಿರ್ಧರಿಸುವ ಅಭ್ಯಾಸ ಕಾವೇರಿ ತೀರದಿಂದ ಹೋಗುವ ನಮ್ಮೆಲ್ಲರಿಗೂ ಇರುತ್ತದೆ. ರಂಗನತಿಟ್ಟಿನಲ್ಲಿ ಬೆಳಗಿನ ಮೊದಲ ದೋಣಿ ಹತ್ತಿದರೆ ಮುಗಿಯಿತು. ಕಡಲಿನಲ್ಲಿ ಹೊತ್ತನ್ನು ನಿರ್ಧರಿಸುವುದು ಉಬ್ಬರ ಇಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಅವು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ನಿಮಗೆ ಬೇಕಾದದ್ದು ಬೆಳಗಿನ ಆರೂವರೆಯಿಂದ ಒಂಬತ್ತರ ನಡುವೆ ಬೀಳುವ ಇಳಿತ. 50 ನಿಮಿಷದ ಲೆಕ್ಕದಲ್ಲಿ ಅಂಥ ಬೆಳಗುಗಳು ಒಮ್ಮೆಗೆ ಹೆಚ್ಚೆಂದರೆ ಮೂರು ಬರುತ್ತವೆ, ಮತ್ತೆ ಬರಲು ಸುಮಾರು ಹದಿನೈದು ದಿನ ಬೇಕು. ಅಂದರೆ ಇಡೀ ತಿಂಗಳಲ್ಲಿ ಸಿಗುವುದು ಆರು ಬೆಳಗು ಮಾತ್ರ. ಒಂದು ತಿಂಗಳಿದ್ದರೂ ಏನೂ ಸಿಗಲಿಲ್ಲ ಎಂದು ಬರುವವರು ಸಾಮಾನ್ಯವಾಗಿ ಈ ಆರು ಬೆಳಗುಗಳಲ್ಲಿ ನಿದ್ದೆ ಮಾಡಿರುತ್ತಾರೆ ಅಥವಾ ದೇವಸ್ಥಾನಕ್ಕೆ ಹೋಗಿರುತ್ತಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತದ ಕೋಷ್ಟಕ ಸಿಗುತ್ತದೆ. ತೀರದ ಮೀನುಗಾರರಾದರೆ ತಿಥಿ ಕೇಳಿಯೇ ಹೊತ್ತು ಹೇಳಬಲ್ಲರು. ಇಳಿತ ಮುಗಿದು ನೀರು ಏರತೊಡಗಿದಾಗ ಎದ್ದು ಬರಬೇಡಿ. ಮೇಯುವ ಜಾಗ ಮುಳುಗುತ್ತ ಬಂದಂತೆ ಗೊರವಗಳು ತಾವಾಗಿಯೇ ದಂಡೆಯ ಕಡೆಗೆ, ನಿಮ್ಮತ್ತ ಸರಿಯುತ್ತವೆ. ನೀವು ಅವುಗಳತ್ತ ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ.

ನಮ್ಮ ಕಡಲು ಪಶ್ಚಿಮಕ್ಕಿದೆ ಎಂಬುದೂ ಇಲ್ಲಿ ಮುಖ್ಯ. ಮುಂಜಾನೆ ತೆಂಗಿನ ತೋಟಕ್ಕೆ ಬೆನ್ನು ಮಾಡಿ ನಿಂತರೆ ಬೆಳಕು ನಿಮ್ಮ ಹಿಂದಿನಿಂದ ಬಂದು ನೀರಂಚಿನ ಹಕ್ಕಿಯ ಮೇಲೆ ನೇರವಾಗಿ ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ಹಕ್ಕಿ ಬರಿಯ ಕಪ್ಪು ನೆರಳಾಗುತ್ತದೆ. ಮಧ್ಯಾಹ್ನದ ಮಾತೇ ಬೇಡ. ಏಪ್ರಿಲ್ ಕೊನೆಯಿಂದ ಮೇ ಮೊದಲ ದಿನಗಳವರೆಗೆ ಕರ್ನಾಟಕದ ಕರಾವಳಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ.

ನಿಮ್ಮ ಮಲ್ಪೆಯ ಮಬ್ಬು ಚಿತ್ರಗಳ ಕಾರಣವೂ ಬಹುತೇಕ ಅಲ್ಲೇ ಇದೆ. ಅವನ್ನು ತೆಗೆದ ಸಮಯವನ್ನು ಫೈಲಿನ ವಿವರದಲ್ಲಿ ನೋಡಿ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರ ನಡುವೆ ಇದ್ದರೆ ಲೆನ್ಸನ್ನು ದೂಷಿಸುವ ಮೊದಲು ಗಾಳಿಯನ್ನು ದೂಷಿಸಬೇಕು. ಕಾದ ಮರಳಿನ ಮೇಲಿನ ಬಿಸಿ ಗಾಳಿ ಮತ್ತು ಕಡಲಿನಿಂದ ಬರುವ ತಂಪು ಗಾಳಿಗಳ ಸಾಂದ್ರತೆ ಬೇರೆ ಬೇರೆ. ಎರಡೂ ಕಲೆಯುವಲ್ಲಿ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಮೈಸೂರು ರಸ್ತೆಯ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುವುದಕ್ಕೂ ಇದೇ ಕಾರಣವೆಂದು ನಿಮ್ಮ ಮಕ್ಕಳಿಗೆ ನೀವೇ ಪಾಠ ಮಾಡಿರುತ್ತೀರಿ. 600 ಎಂ.ಎಂ. ಲೆನ್ಸ್ ಹಕ್ಕಿಯನ್ನು ಹಿಗ್ಗಿಸುವಷ್ಟೇ ಈ ನಡುಕವನ್ನೂ ಹಿಗ್ಗಿಸುತ್ತದೆ. ಶಟರ್ ವೇಗ ಹೆಚ್ಚಿಸಿದರೂ, ಟ್ರೈಪಾಡ್ ಇಟ್ಟರೂ, ಹೆಚ್ಚು ಬೆಲೆಯ ಲೆನ್ಸ್ ತಂದರೂ ಇದು ಹೋಗದು. ಬೇಗ ಹೋಗುವುದು, ಹತ್ತಿರದ ವಸ್ತುವನ್ನು ಆರಿಸುವುದು, ಇಲ್ಲವೇ ಮೋಡ ಕವಿಯುವವರೆಗೆ ಕಾಯುವುದು, ಇಷ್ಟೇ ಪರಿಹಾರ. ಲೆನ್ಸಿನ ಬಗ್ಗೆ ಅನುಮಾನ ಉಳಿದಿದ್ದರೆ ಮನೆಯಂಗಳದಲ್ಲಿ ಬೆಳಗಿನ ಆರೂವರೆಗೆ ಟ್ರೈಪಾಡ್ ನಿಲ್ಲಿಸಿ, ಹದಿನೈದು ಮೀಟರ್ ದೂರದಲ್ಲಿ ಅಚ್ಚಾದ ಅಕ್ಷರಗಳಿರುವ ಗೊಬ್ಬರದ ಚೀಲವೊಂದನ್ನು ಇಟ್ಟು ಹತ್ತು ಚಿತ್ರ ತೆಗೆಯಿರಿ. ಅಕ್ಷರದ ಅಂಚು ಚೂಪಾಗಿ ಬಂದರೆ ಲೆನ್ಸ್ ಸರಿಯಿದೆ. ರಿಪೇರಿಗೆ ಹಣ ಸುರಿಯಬೇಡಿ.

ಇನ್ನು ಉಪ್ಪು. ನಿಮ್ಮ ಗೆಳೆಯರು ಬೂಷ್ಟಿನ ಬಗ್ಗೆ ಹೆದರಿಸಿದ್ದಾರೆ, ಆದರೆ ಒಂದು ತಿಂಗಳ ವಾಸದಲ್ಲಿ ಮೊದಲು ಏಟು ಕೊಡುವುದು ಉಪ್ಪು. ಅಲೆ ಒಡೆದಾಗ ಏಳುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಆರಿ ಉಪ್ಪಿನ ಕಣಗಳಾಗಿ ಎಲ್ಲದರ ಮೇಲೂ ಕೂರುತ್ತವೆ. ಅಡುಗೆ ಉಪ್ಪಿನ ಗುಣ ನಿಮಗೆ ಗೊತ್ತೇ ಇದೆ: ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 75 ದಾಟಿದರೆ ಅದು ತಾನೇ ನೀರೆಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಜಾಡಿ ಬೆವರುವುದು ಇದರಿಂದಲೇ. ಕರಾವಳಿಯ ರಾತ್ರಿಗಳಲ್ಲಿ ಈ ಗಡಿ ದಿನವೂ ದಾಟುತ್ತದೆ. ಕ್ಯಾಮೆರಾದ ಸಂದುಗಳಲ್ಲಿ ಕೂತ ಉಪ್ಪು ಉಪ್ಪುನೀರಾಗಿ ಲೋಹದ ಸಂಪರ್ಕಗಳನ್ನು ತಿನ್ನತೊಡಗುತ್ತದೆ. ಮಂಡ್ಯಕ್ಕೆ ಮರಳಿದರೆ ಒಣ ಗಾಳಿಗೆ ಅದೇ ಉಪ್ಪು ಗಟ್ಟಿಯಾಗಿ ಕಣ್ಣಿಗೆ ಕಾಣದೆ ಕೂತಿರುತ್ತದೆ, ಏನೂ ಆಗಿಲ್ಲವೆಂದು ನಾವು ಸಮಾಧಾನ ಪಡುತ್ತೇವೆ. ನಾನೂ ಹಾಗೆಯೇ ಸಮಾಧಾನ ಪಟ್ಟಿದ್ದೆ. ನನ್ನ ಮೊದಲ ಕರಾವಳಿ ಪ್ರವಾಸ ಮುಗಿಸಿ ಬಂದಾಗ ಕ್ಯಾಮೆರಾ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಒರೆಸದೆ ಬ್ಯಾಗಿನಲ್ಲಿಟ್ಟೆ. ಆಷಾಢದ ಜಡಿಮಳೆಯಲ್ಲಿ ತೆಗೆದು ನೋಡಿದರೆ ಶಟರ್ ಗುಂಡಿ ಅಲ್ಲಾಡಲಿಲ್ಲ. ಬಿಚ್ಚಿದಾಗ ಒಳಗೆ ತಾಮ್ರದ ಭಾಗಗಳ ಮೇಲೆ ಹಸಿರು ಪುಡಿ ಹೂವಿನಂತೆ ಅರಳಿತ್ತು. ಆ ಬಣ್ಣ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ದಿನದ ಕೆಲಸ ಮುಗಿದೊಡನೆ, ಕಾಫಿ ಕುಡಿಯುವುದಕ್ಕೂ ಮೊದಲು, ಇಷ್ಟು ಮಾಡಿ. ಲೆನ್ಸ್ ಬಿಚ್ಚಬೇಡಿ. ಮೊದಲು ಗಾಳಿ ಊದುವ ರಬ್ಬರ್ ಬಲೂನಿನಿಂದ ಮರಳನ್ನು ಹಾರಿಸಿ. ಮರಳಿನ ಕಣ ಇರುವಾಗ ಬಟ್ಟೆ ಆಡಿಸಿದರೆ ಗಾಜಿಗೆ ಗೀರು ಬೀಳುತ್ತದೆ. ಬಳಿಕ ಸಿಹಿನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಹತ್ತಿ ಬಟ್ಟೆಯಿಂದ ಕ್ಯಾಮೆರಾ ಮತ್ತು ಲೆನ್ಸಿನ ಹೊರಮೈಯನ್ನೆಲ್ಲ ಒರೆಸಿ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆಯಿಂದಷ್ಟೇ ಒರೆಸಿದರೆ ಉಪ್ಪು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಟ್ರೈಪಾಡಿನ ಕಾಲುಗಳನ್ನು ಬಾವಿಯ ನೀರಿನಲ್ಲಿ ತೊಳೆಯಿರಿ. ನೀರಂಚಿನಲ್ಲಿ ನಿಲ್ಲಿಸುವಾಗ ಎಲ್ಲಕ್ಕಿಂತ ಕೆಳಗಿನ, ತೆಳುವಾದ ಭಾಗವನ್ನೇ ಮೊದಲು ಎಳೆದು ಉದ್ದ ಮಾಡಿದರೆ ಬಿಗಿಯುವ ತಿರುಪುಗಳು ಉಪ್ಪುನೀರಿನಿಂದ ಮೇಲೆಯೇ ಉಳಿಯುತ್ತವೆ.

ಅಕ್ಕಿ ಡಬ್ಬಿಯನ್ನು ದಯವಿಟ್ಟು ಅಡುಗೆ ಮನೆಗೇ ಬಿಡಿ. ಖರೀದಿ ಕೇಂದ್ರದಲ್ಲಿ ಭತ್ತದ ತೇವಾಂಶ ಶೇ 17ರ ಒಳಗಿರಬೇಕೆಂದು ಅಳೆಯುವುದನ್ನು ನೋಡಿದ ಮಂಡ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಅಂಗಡಿಯ ಅಕ್ಕಿಯಲ್ಲೇ ಶೇ 12ರಿಂದ 14ರಷ್ಟು ನೀರಿರುತ್ತದೆ. ತಾನೇ ತೇವವಿರುವ ವಸ್ತು ಇನ್ನೊಂದನ್ನು ಎಷ್ಟು ಒಣಗಿಸೀತು? ಜೊತೆಗೆ ಅದರ ಹುಡಿ ಸಂದುಗಳಿಗೆ ಸೇರುತ್ತದೆ. ಗಾಳಿಯಾಡದ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳು, ಒಂದು ಚಿಕ್ಕ ಆರ್ದ್ರತಾ ಮಾಪಕ ಇದ್ದರೆ ಸಾಕು. ಮಾಪಕ ಶೇ 40 ಮತ್ತು 50ರ ನಡುವೆ ಇರಲಿ. ಬೂಷ್ಟು ಬೆಳೆಯಲು ಇದಕ್ಕಿಂತ ಬಹಳ ಹೆಚ್ಚಿನ ತೇವ, ಕತ್ತಲೆ ಮತ್ತು ವಾರಗಟ್ಟಲೆ ಸಮಯ ಬೇಕು. ದಿನವೂ ಬಿಸಿಲಿಗೆ ಹೊರಡುವ ಲೆನ್ಸಿಗೆ ಅದು ಬರುವುದು ಅಪರೂಪ, ಬ್ಯಾಗಿನಲ್ಲಿ ಮುಚ್ಚಿಟ್ಟು ಮರೆತ ಲೆನ್ಸಿಗೆ ಬರುವುದೇ ಹೆಚ್ಚು.

ತಂಗಿಯ ಮನೆಯಲ್ಲಿ ಎ.ಸಿ. ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಮೇ ತಿಂಗಳ ಕರಾವಳಿ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ನೀರಹನಿಯಾಗತೊಡಗುವ ಉಷ್ಣತೆ, ಸುಮಾರು 25 ಡಿಗ್ರಿ. ರಾತ್ರಿಯಿಡೀ 22 ಡಿಗ್ರಿಗೆ ತಣಿದ ಲೆನ್ಸನ್ನು ಮುಂಜಾನೆ ಅಂಗಳಕ್ಕೆ ತಂದರೆ ತಣ್ಣೀರಿನ ಚೊಂಬಿನ ಹಾಗೆ ಅದರ ಹೊರಗೂ ಒಳಗೂ ನೀರು ಕಟ್ಟುತ್ತದೆ. ಹೊರಗಿನದನ್ನು ಒರೆಸಬಹುದು, ಒಳಗಿನದನ್ನು ಒರೆಸಲಾಗದು. ಕ್ಯಾಮೆರಾವನ್ನು ಎ.ಸಿ. ಇಲ್ಲದ ಕೋಣೆಯಲ್ಲೇ ಡಬ್ಬಿಯೊಳಗೆ ಇಡಿ.

‘ವೆದರ್ ಸೀಲ್ಡ್’ ಎಂಬ ಮಾತಿನ ಅರ್ಥ ನಾಲ್ಕು ಹನಿ ಬಿದ್ದರೆ ತಡೆಯುತ್ತದೆ ಎಂದಷ್ಟೇ. ಕ್ಯಾಮೆರಾ ಮತ್ತು ಲೆನ್ಸ್ ಎರಡಕ್ಕೂ ರಬ್ಬರ್ ಪಟ್ಟಿ ಇದ್ದಾಗ ಮಾತ್ರ ಆ ತಡೆಯೂ ಪೂರ್ಣ. ನಿಮ್ಮಂಥ ಉದ್ದ ಜೂಮ್ ಲೆನ್ಸ್ ಹಿಗ್ಗಿದಾಗಲೆಲ್ಲ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಳೆಯಲ್ಲಿ ನಿಂತು ಚಿತ್ರ ತೆಗೆಯಲು ಅದನ್ನು ಬಳಸಬೇಡಿ. ತೀರದಲ್ಲಿ ಲೆನ್ಸ್ ಬದಲಿಸಲೂ ಬೇಡಿ.

ಮಳೆಯ ಮಾತು ಬಂದದ್ದರಿಂದ ಆಕಾಶದ ವಿಷಯಕ್ಕೆ ಬರುತ್ತೇನೆ. ನಿಮ್ಮ ಆಸೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಮೇ ತಿಂಗಳ ಮೊದಲರ್ಧದಲ್ಲಿ, ಅಂದರೆ ಭರಣಿ ಮಳೆಯ ದಿನಗಳಲ್ಲಿ, ಮೋಡ ಕಟ್ಟುವುದು ಕಡಲಿನ ಮೇಲಲ್ಲ, ಘಟ್ಟದ ಮೇಲೆ. ಮಧ್ಯಾಹ್ನ ಕಡಲ ಗಾಳಿ ಒಳನಾಡಿಗೆ ನುಗ್ಗಿ ಬೆಟ್ಟದ ಸಾಲನ್ನು ಏರುತ್ತದೆ, ಮೂರು ನಾಲ್ಕು ಗಂಟೆಯ ಹೊತ್ತಿಗೆ ಪೂರ್ವದಲ್ಲಿ ಕರಿಮೋಡ ಗೋಪುರದಂತೆ ಎದ್ದು ನಿಲ್ಲುತ್ತದೆ. ಆಗ ಪಶ್ಚಿಮದ ಸೂರ್ಯ ಇನ್ನೂ ನಿಚ್ಚಳವಾಗಿರುತ್ತಾನೆ. ಎಲ್ಲರೂ ಸೂರ್ಯಾಸ್ತಕ್ಕೆಂದು ಕಡಲಿನತ್ತ ಮುಖ ಮಾಡಿ ನಿಂತಿರುವಾಗ ನೀವು ಕಡಲಿಗೆ ಬೆನ್ನು ಹಾಕಿ. ಇಳಿಬಿಸಿಲಿನಲ್ಲಿ ಹೊಳೆಯುವ ತೆಂಗಿನ ಗರಿ, ಗದ್ದೆಯ ಬೆಳ್ಳಕ್ಕಿ, ಅವುಗಳ ಹಿಂದೆ ಮಸಿಯಂಥ ಮೋಡ. ವರ್ಷದ ಬೇರೆ ಯಾವ ಕಾಲದಲ್ಲೂ ಈ ಬೆಳಕು ಸಿಗದು. ಕಾಮನಬಿಲ್ಲು ಮೂಡಿದರೂ ಆ ದಿಕ್ಕಿನಲ್ಲೇ ಮೂಡುತ್ತದೆ. ಇಂಥಲ್ಲಿ ಕ್ಯಾಮೆರಾದ ಮೀಟರ್ ಕಪ್ಪು ಮೋಡಕ್ಕೆ ಮೋಸ ಹೋಗಿ ಬೆಳ್ಳಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿ. ತಿಂಗಳ ಕೊನೆಗೆ ಗಾಳಿ ತಿರುಗಿ ಮೋಡಗಳು ನೈಋತ್ಯದಿಂದ, ಕಡಲಿನ ಮೇಲಿಂದ ಸಾಲಾಗಿ ಬರತೊಡಗಿದಾಗ ನೀವೂ ತಿರುಗಿ ಕಡಲಿಗೆ ಮುಖ ಮಾಡಿ ನಿಲ್ಲಬಹುದು.

ಘಟ್ಟದ ಈ ಮೋಡಗಳು ಸಿಡಿಲನ್ನೂ ತರುತ್ತವೆ. ಟ್ರೈಪಾಡಿನ ಲೋಹ ಸಿಡಿಲನ್ನು ಎಳೆಯುತ್ತದೆ, ರಬ್ಬರ್ ಚಪ್ಪಲಿ ಕಾಪಾಡುತ್ತದೆ ಎಂಬ ಎರಡು ನಂಬಿಕೆಗಳೂ ತಪ್ಪು. ಬಯಲಾದ ತೀರದಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುವುದು ನಿಜವಾದ ಅಪಾಯ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿ.ಮೀ. ಒಳಗಿದೆ ಎಂದರ್ಥ, ಚಿತ್ರ ಎಷ್ಟೇ ಚೆನ್ನಾಗಿರಲಿ, ಎದ್ದು ಆರ್‌ಸಿಸಿ ಕಟ್ಟಡಕ್ಕೆ ಅಥವಾ ಮುಚ್ಚಿದ ಕಾರಿನೊಳಕ್ಕೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ, ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿರಲಿ. ಕಡಲಿನ ಇನ್ನೊಂದು ಗುಣವನ್ನು ಒಳನಾಡಿನವರಾದ ನಾವು ತಿಳಿದಿರುವುದಿಲ್ಲ. ಬೇಸಿಗೆಯಲ್ಲಿ ಆಕಾಶ ತಿಳಿಯಾಗಿರುವಾಗಲೂ ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಉದ್ದನೆಯ ಅಲೆಗಳು ಇದ್ದಕ್ಕಿದ್ದಂತೆ ದಂಡೆಗೆ ನುಗ್ಗಬಹುದು. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಅಂಥ ದಿನ ಬಂಡೆಗಳ ತುದಿಗೆ ಹೋಗಬೇಡಿ.

ಹಾಗಾದರೆ ಹೇಗೆ ಹೋಗುವುದು? ಇಡೀ ತಿಂಗಳು ಒಂದೇ ಉಸಿರಿಗೆ ಇರುವುದು ಒಂದು ದಾರಿ. ಮೇಲೆ ಹೇಳಿದ ಆರೂ ಬೆಳಗುಗಳು ಸಿಗುತ್ತವೆ, ಆದರೆ ಮೂರನೆಯ ವಾರದ ಹೊತ್ತಿಗೆ ದಿನವೂ ಒರೆಸುವ ಶಿಸ್ತು ಸಡಿಲವಾಗುವುದನ್ನು ನನ್ನಲ್ಲೂ ಇತರರಲ್ಲೂ ಕಂಡಿದ್ದೇನೆ. ದೊಡ್ಡ ಲೆನ್ಸನ್ನು ಮನೆಯಲ್ಲೇ ಬಿಟ್ಟು ಚಿಕ್ಕ ಲೆನ್ಸಿನಿಂದ ಮೋಡ, ಏಡಿ, ದೋಣಿಗಳಿಗಷ್ಟೇ ತೃಪ್ತರಾಗುವುದು ಇನ್ನೊಂದು. ಅಪಾಯ ಕಡಿಮೆ, ಆದರೆ ಕೆಂಪೆದೆಯ ಗೊರವಗಳು ಕೈತಪ್ಪುತ್ತವೆ. ನಾನಾಗಿದ್ದರೆ ಎರಡು ಕಂತು ಮಾಡುತ್ತಿದ್ದೆ. ಏಪ್ರಿಲ್ ಕೊನೆಯ ವಾರದಿಂದ ಹತ್ತು ದಿನ ಎರಡೂ ಲೆನ್ಸ್‌ಗಳೊಂದಿಗೆ. ನಡುವೆ ಮಂಡ್ಯಕ್ಕೆ ಬಂದು ಸಾಮಾನು ಶುಚಿ ಮಾಡಿ, ಚಿತ್ರಗಳನ್ನು ಎರಡು ಡಿಸ್ಕ್‌ಗಳಿಗೆ ಇಳಿಸಿ, ಕೊಕ್ಕರೆಬೆಳ್ಳೂರಿನಲ್ಲಿ ಉಳಿದಿರುವ ಹೆಜ್ಜಾರ್ಲೆ ಮರಿಗಳನ್ನು ನೋಡಿ. ಮೇ ಎರಡನೆಯ ವಾರದ ನಂತರ ಮತ್ತೆ ಹತ್ತು ದಿನ, ಮುಖ್ಯವಾಗಿ ಮೋಡಕ್ಕಾಗಿ, ಚಿಕ್ಕ ಲೆನ್ಸಿನೊಂದಿಗೆ. ಎರಡೂ ಕಂತುಗಳ ದಿನಾಂಕಗಳನ್ನು ಬೆಳಗಿನ ಇಳಿತಕ್ಕೆ ಹೊಂದಿಸಿ. ಎರಡನೆಯ ಕಂತಿನಲ್ಲಿ ದಿನಾಂಕವನ್ನು ಹಟ ಹಿಡಿಯಬೇಡಿ: ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1 ಆದರೂ 2025ರಲ್ಲಿ ಮೇ 24ಕ್ಕೇ ಬಂದಿತ್ತು, 2021ರಲ್ಲಿ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಹವಾಮಾನ ಇಲಾಖೆ ಮೀನುಗಾರರನ್ನು ಕಡಲಿಗಿಳಿಯಬೇಡಿ ಎಂದ ದಿನ ನೀವೂ ತೀರ ಬಿಟ್ಟುಬಿಡಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಆ ಭಾಗದ ಮರಳ ದಂಡೆಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ತಡವಾಗಿ ಇಟ್ಟ ಮೊಟ್ಟೆಗಳಿಂದ ಮರಿಗಳು ನೀವಿರುವ ದಿನಗಳಲ್ಲೂ ಹೊರಬರಬಹುದು. ಅವು ಕಡಲಿನ ದಿಕ್ಕನ್ನು ಗುರುತಿಸುವುದು ನೀರಿನ ಮೇಲಿನ ಮಂದ ಬೆಳಕಿನಿಂದ. ಫ್ಲ್ಯಾಶ್ ಅಥವಾ ಮೊಬೈಲ್ ಟಾರ್ಚ್ ಹಾಕಿದರೆ ಮರಿ ದಿಕ್ಕು ತಪ್ಪಿ ರಸ್ತೆಯ ಕಡೆಗೆ ತೆವಳುತ್ತದೆ. ಪಾಪ ಎಂದು ಎತ್ತಿ ನೀರಿಗೆ ಬಿಡುವುದೂ ತಪ್ಪು. ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಮುಟ್ಟುವ ಅಧಿಕಾರ ನಮಗಿಲ್ಲ. ಅರಣ್ಯ ಇಲಾಖೆಯವರು ಕಾವಲಿಟ್ಟ ಗೂಡುಗಳಿಂದ ಮರಿಗಳನ್ನು ಬಿಡುವ ದಿನ ಅನುಮತಿ ಕೇಳಿ ಹೋಗಿ, ಮುಂಜಾನೆಯ ಸಹಜ ಬೆಳಕಿನಲ್ಲಿ ದೂರದಿಂದ ತೆಗೆಯಿರಿ. ಟಿಟ್ಟಿಭ ನಿಮ್ಮ ತಲೆಯ ಮೇಲೆ ಕೂಗುತ್ತ ಸುತ್ತಿದರೆ ನೀವು ಅದರ ಮೊಟ್ಟೆಗಳ ಬಳಿ ಇದ್ದೀರಿ; ಆ ಬಿಸಿಲಿನಲ್ಲಿ ತಾಯಿ ಎದ್ದು ಹೋದರೆ ಮೊಟ್ಟೆ ಬೇಯುತ್ತದೆ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಕಾರವಾರದವರೆಗೆ ಹೋಗುವುದಾದರೆ ನೌಕಾನೆಲೆಯ ಸುತ್ತಮುತ್ತ ಕ್ಯಾಮೆರಾ ಹೊರತೆಗೆಯಬೇಡಿ.

ಊರಿಗೆ ಮರಳಿದ ದಿನ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ಬ್ಯಾಗು, ಪಟ್ಟಿ, ಬಟ್ಟೆಗಳನ್ನು ಸಿಹಿನೀರಿನಲ್ಲಿ ಒಗೆದು ಒಣಗಿಸಿ. ತೀರದ ಉಪ್ಪು ಹೆಚ್ಚು ದಿನ ಅಡಗಿರುವುದು ಕ್ಯಾಮೆರಾದಲ್ಲಲ್ಲ, ಬ್ಯಾಗಿನ ಸ್ಪಂಜಿನಲ್ಲಿ. ಕ್ಯಾಮೆರಾ ಮತ್ತು ಲೆನ್ಸನ್ನು ಇನ್ನೊಮ್ಮೆ ಹಿಂಡಿದ ಬಟ್ಟೆಯಿಂದ ಒರೆಸಿ ಡಬ್ಬಿಗೆ ಸೇರಿಸಿ. ಜೂನ್ ಮತ್ತು ಜುಲೈನಲ್ಲಿ ವಾರಕ್ಕೊಮ್ಮೆ ಹೊರತೆಗೆದು, ಜೂಮ್ ತಿರುಗಿಸಿ, ಹತ್ತಿಪ್ಪತ್ತು ಚಿತ್ರ ತೆಗೆದು, ಸಿಲಿಕಾ ಜೆಲ್ಲಿನ ಬಣ್ಣ ನೋಡಿ ಮತ್ತೆ ಒಳಗಿಡಿ. ಗೊಬ್ಬರದ ಚೀಲದ ಪರೀಕ್ಷೆಯನ್ನು ಹೊರಡುವ ಮೊದಲೊಮ್ಮೆ, ಬಂದ ಮೇಲೊಮ್ಮೆ, ಆಷಾಢ ಕಳೆದ ಮೇಲೆ ಇನ್ನೊಮ್ಮೆ ಮಾಡಿ. ಮೂರರಲ್ಲಿ ಯಾವುದಾದರೂ ಮಬ್ಬಾಗಿ ಬಂದರೆ ಆ ಚಿತ್ರಗಳನ್ನು ನನಗೆ ಕಳುಹಿಸಿ, ನೋಡಿ ತಿಳಿಸುತ್ತೇನೆ.